ಮೂಳೆ ಕ್ಯಾನ್ಸರ್‌ಗೆ ‘ಟಾರ್ಗೆಟೆಡ್’ ಮಾತ್ರೆ: ಡಾಕ್ಟರ್ ಹತ್ರ ಏನೇನ್ ಕೇಳ್ಬೇಕು?

ಹುಬ್ಬಳ್ಳಿ ಕಡೆಯಿಂದ ಮುಂಬೈನ ದಾದರ್‌ಗೆ ಬಂದಿಳಿದು ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಹೋಗೋ ನಮ್ಮವರ ಜೊತೆ ಮರಾಠಿ-ಹಿಂದಿ ಮಾತಾಡೋಕೆ ನಾನೂ ಆಗಾಗ ಹೋಗ್ತೀನಿ, ಅವರ ಕೈಯಲ್ಲಿ ಎಂಆರ್‌ಐ ಕವರು, ಮೊಬೈಲಲ್ಲಿ ‘ಕೀಮೋ ಬೇಡ, ಟಾರ್ಗೆಟೆಡ್ ಮಾತ್ರೆ ಸಾಕು’ ಅನ್ನೋ ಫಾರ್ವರ್ಡು. ಟಾರ್ಗೆಟೆಡ್ ಅಂದ್ರೆ ಕ್ಯಾನ್ಸರ್ ಬೆಳೆಯೋ ದಾರಿಗೇ ಗುರಿಯಿಟ್ಟು ತಡೆಯೋದು. ಅಂಥ ಮಾತ್ರೆ ಇರೋದು ನಿಜ, ಆದ್ರೆ ಅದರ ಸರದಿ ಆಮೇಲೆ.

ಮೊದ್ಲು ಬಯಾಪ್ಸಿ ರಿಪೋರ್ಟ್‌ನಲ್ಲಿ ಆಸ್ಟಿಯೋಸಾರ್ಕೋಮಾ ಅಂತಿದೆಯೋ ಯೂಯಿಂಗ್ ಸಾರ್ಕೋಮಾ ಅಂತಿದೆಯೋ ನೋಡಿ, ಇವು ಮೂಳೆ ಕ್ಯಾನ್ಸರ್‌ನ ಎರಡು ಬಗೆ. ಎರಡಕ್ಕೂ ಶುರು ಮಾಡೋದು ಕೀಮೋದಿಂದ್ಲೇ, ಆಮೇಲೆ ಆಪರೇಷನ್, ಯೂಯಿಂಗ್‌ಗಾದ್ರೆ ರೇಡಿಯೇಷನ್ನೂ ಇರಬಹುದು.

ಇನ್ನು ಟಾರ್ಗೆಟೆಡ್ ಔಷಧಿ ಗುರಿಯಿಡೋದು ಜೀವಕೋಶದ ಮೇಲಿರೋ ರಿಸೆಪ್ಟರ್‌ಗೆ, ಅದನ್ನ ಕಾಲಿಂಗ್ ಬೆಲ್ ಅನ್ಕೊಳಿ. ಗ್ರೋತ್ ಫ್ಯಾಕ್ಟರ್ (ಬೆಳೆಯೋಕೆ ಹೇಳೋ ಪ್ರೋಟೀನು) ಬಂದು ಒತ್ತಿದ್ರೆ ಒಳಗೆ ಜೀವಕೋಶ ‘ಬೆಳಿ’ ಅಂತ ಕೇಳಿಸ್ಕೊಳ್ಳುತ್ತೆ. ಆಂಟಿಬಾಡಿ ಇಂಜೆಕ್ಷನ್ನು ಹೊರಗಿನ ಸ್ವಿಚ್ಚನ್ನೇ ಮುಚ್ಚುತ್ತೆ, ಮಾತ್ರೆ ಒಳಗಿನ ವೈರ್ ಕಟ್ ಮಾಡುತ್ತೆ. ತೊಂದ್ರೆ ಏನಪ್ಪಾ ಅಂದ್ರೆ ಮನೆಗೆ ಬೆಲ್ ಒಂದೇ ಅಲ್ಲ. ಯೂಯಿಂಗ್‌ನಲ್ಲಿ ಐಜಿಎಫ್-1 ಅನ್ನೋ ಗ್ರೋತ್ ಫ್ಯಾಕ್ಟರಿನ ರಿಸೆಪ್ಟರನ್ನ ತಡೆಯೋದ್ರ ಮೇಲೆ ತುಂಬಾ ಆಸೆ ಇತ್ತು, ಕೆಲವರಿಗೆ ಗಡ್ಡೆ ಕರಗಿದ್ದೂ ಹೌದು, ಆದ್ರೆ ಹರಡಿರೋ ಯೂಯಿಂಗ್‌ಗೆ ಕೀಮೋ ಜೊತೆ ಗಾನಿಟುಮ್ಯಾಬ್ ಅನ್ನೋ ಇಂಥ ಆಂಟಿಬಾಡಿ ಸೇರಿಸಿದ ಅಮೆರಿಕದ ಟ್ರಯಲ್‌ನಲ್ಲಿ ಲಾಭ ಸಿಗಲಿಲ್ಲ. ಸದ್ಯ ಆಸರೆ ಅನ್ನೋ ಹಾಗಿರೋದು ರಕ್ತನಾಳ ಬೆಳೆಸೋ ವಿಇಜಿಎಫ್ ರಿಸೆಪ್ಟರನ್ನ ತಡೆಯೋ ರೆಗೊರಾಫೆನಿಬ್, ಕ್ಯಾಬೋಜಾಂಟಿನಿಬ್ ಥರದವು, ಕಾಯಿಲೆ ಮರಳಿ ಬಂದಾಗ ಕೆಲವರಲ್ಲಿ ಒಂದಷ್ಟು ತಿಂಗಳು ತಡೆದು ನಿಲ್ಲಿಸ್ತವೆ. ಹಾಗಾಗಿ ಡಾಕ್ಟರನ್ನ ನೇರವಾಗಿ ಕೇಳಿ, ‘ಇದು ಗುಣ ಮಾಡೋಕಾ, ತಡೆಯೋಕಾ?’

ರೆಗೊರಾಫೆನಿಬ್ ಡಬ್ಬಿಯ ಚೀಟಿಲಿ ಕರುಳು, ಲಿವರ್ ಕ್ಯಾನ್ಸರ್ ಅಂತ ಇರುತ್ತೆ. ‘ಬೇರೆ ಯಾರ್ದೋ ಮಾತ್ರೆ ಕೊಟ್ಬಿಟ್ರಾ?’ ಅಂತ ಒಬ್ಬ ತಾಯಿ ಗಾಬರಿಯಾಗಿದ್ರು, ಪಾಪ. ಆ ಮಾತ್ರೆಗೆ ಲೈಸೆನ್ಸ್ ಸಿಕ್ಕಿರೋದು ಆ ಕಾಯಿಲೆಗಳಿಗೆ, ಮೂಳೆ ಕ್ಯಾನ್ಸರ್‌ಗೂ ಡಾಕ್ಟ್ರು ಅದನ್ನೇ ಬರೀತಾರೆ, ಅಷ್ಟೇ.

ಮನೇಲಿ ನೋಡ್ಕೊಳ್ಳೋದೇ ದೊಡ್ಡ ಕೆಲಸ. ರೆಗೊರಾಫೆನಿಬ್ ಎಣ್ಣೆ-ತುಪ್ಪ ಕಮ್ಮಿ ಇರೋ ಊಟದ ನಂತರ, ಸಾಮಾನ್ಯವಾಗಿ 3 ವಾರ ತಗೊಂಡು 1 ವಾರ ಬಿಡೋದು. ಕ್ಯಾಬೋಜಾಂಟಿನಿಬ್ ಖಾಲಿ ಹೊಟ್ಟೇಲಿ, ಊಟ ಆಗಿ 2 ಗಂಟೆ ಬಿಟ್ಟು, ತಗೊಂಡ ಮೇಲೆ ಇನ್ನೊಂದು ಗಂಟೆ ಏನೂ ತಿನ್ನಬಾರದು. ಬಿಪಿ ಏರುತ್ತೆ, ಬರೆದಿಡೋಕೆ ಒಂದು ನೋಟ್‌ಬುಕ್ ಇಡಿ. ಅಂಗೈ-ಅಂಗಾಲು ಕೆಂಪಾಗಿ ಉರಿದ್ರೆ ಮಗು ಚಪ್ಪಲಿ ಬೇಡ ಅಂತ ಹಟ ಮಾಡುತ್ತೆ, ಅದನ್ನ ಬರೀ ಹಟ ಅನ್ಕೋಬೇಡಿ. ಗಾಯ ಬೇಗ ಮಾಯಲ್ಲ, ಅದಕ್ಕೆ ಆಪರೇಷನ್ನಿಗೆ, ಹಲ್ಲು ಕೀಳಿಸೋಕೆ ಮುಂಚೆ ಮಾತ್ರೆ ಯಾವಾಗ ನಿಲ್ಲಿಸ್ಬೇಕು ಕೇಳಿ. ಶ್ವಾಸಕೋಶಕ್ಕೆ ಹರಡಿದ್ರೆ ಒಮ್ಮೊಮ್ಮೆ ಅಲ್ಲಿ ಗಾಳಿ ಸೋರಿ ಏಕಾಏಕಿ ಎದೆ ನೋವು, ಉಸಿರಾಟದ ತೊಂದ್ರೆ ಬರಬಹುದು, ಆಗ ಓಪಿಡಿ ತಾರೀಖು ಕಾಯದೆ ಸೀದಾ ಕ್ಯಾಶುವಲ್ಟಿಗೆ ಹೋಗಿ.