ಮುಕ್ತ ತಂತ್ರಾಂಶದ ಜಾಲತಾಣಕ್ಕೆ ಬರಹಗಳನ್ನು ಯೋಜಿಸುವ ಬಗೆ

ಸ್ವಯಂಸೇವಕರು ಸೇರಿ ಮುಕ್ತ ತಂತ್ರಾಂಶವೊಂದರ (ಯಾರು ಬೇಕಾದರೂ ಬಳಸಿ, ಬದಲಾಯಿಸಿ, ಹಂಚಬಹುದಾದ ತಂತ್ರಾಂಶದ) ಪ್ರಚಾರ ಜಾಲತಾಣವನ್ನು ರೂಪಿಸುವಾಗ ಮೊದಲು ತೀರ್ಮಾನಿಸಬೇಕಾದದ್ದು ಓದುಗರು ಯಾರು ಎಂಬುದನ್ನು. ತಂತ್ರಾಂಶವನ್ನು ಬಳಸಲು ಬರುವವರು, ತಮ್ಮ ಸಂಸ್ಥೆಯಲ್ಲಿ ಅಳವಡಿಸಲು ಯೋಚಿಸುತ್ತಿರುವವರು, ಕೋಡ್ ಬರೆಯಲು ಬಯಸುವವರು ಕೇಳುವ ಪ್ರಶ್ನೆಗಳು ಬೇರೆ ಬೇರೆಯಾಗಿರುವುದರಿಂದ ಮುಖಪುಟದಿಂದಲೇ ಅವರಿಗೆ ಪ್ರತ್ಯೇಕ ದಾರಿಗಳಿರಬೇಕು.

ಮುಖಪುಟದ ಮೊದಲ ವಾಕ್ಯಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ. ‘ಮುಂದಿನ ಪೀಳಿಗೆಯ ಶಕ್ತಿಶಾಲಿ ಪರಿಹಾರ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ, ‘ಅಂತರ್ಜಾಲ ಸಂಪರ್ಕವಿಲ್ಲದೆಯೂ ಲೆಕ್ಕಪತ್ರ ಇಡಲು ನೆರವಾಗುವ ತಂತ್ರಾಂಶ, ವಿಂಡೋಸ್ ಮತ್ತು ಲಿನಕ್ಸ್‌ಗಳಲ್ಲಿ ನಡೆಯುತ್ತದೆ’ ಎಂದರೆ ಓದುಗರು ಅಲ್ಲೇ ನಿರ್ಧರಿಸಬಲ್ಲರು. ಅದರ ಕೆಳಗೆ ಡೌನ್‌ಲೋಡ್ ಗುಂಡಿ, ಈಗಿನ ಆವೃತ್ತಿಯ ಸಂಖ್ಯೆ, ಪರವಾನಗಿಯ ಹೆಸರು ಇರಲಿ. ‘ಉಚಿತ’ ಎಂಬ ಒಂದೇ ಪದಕ್ಕೆ ನಿಲ್ಲಬಾರದು. ಮುಕ್ತ ತಂತ್ರಾಂಶದ ಪ್ರಚಲಿತ ಪರವಾನಗಿಗಳಾದ ಜಿಪಿಎಲ್ ಆಗಲಿ ಎಂಐಟಿ ಆಗಲಿ ತಂತ್ರಾಂಶವನ್ನು ಬಳಸುವ, ಬದಲಾಯಿಸುವ, ಹಂಚುವ ಸ್ವಾತಂತ್ರ್ಯವನ್ನು ಕೊಡುತ್ತದೆಂಬುದನ್ನು, ಹಾಗೂ ಜಿಪಿಎಲ್‌ನಡಿ ಬದಲಾಯಿಸಿದ ಆವೃತ್ತಿಯನ್ನು ಹಂಚುವವರು ಅದರ ಮೂಲ ಕೋಡನ್ನೂ ಅದೇ ಪರವಾನಗಿಯಡಿ ಒದಗಿಸಬೇಕೆಂಬುದನ್ನು ಸ್ಪಷ್ಟವಾಗಿ ಹೇಳುವುದು ನಮ್ಮ ಕರ್ತವ್ಯ.

ಹಣವಿಲ್ಲವೆಂದು ಪ್ರಚಾರವನ್ನು ಕೈಬಿಡಬೇಕಿಲ್ಲ, ಮುಕ್ತ ತಂತ್ರಾಂಶವಾದ ಫೈರ್‌ಫಾಕ್ಸ್ ಬ್ರೌಸರ್‌ನ 1.0 ಆವೃತ್ತಿ ಬಿಡುಗಡೆಯಾದ 2004ರಲ್ಲಿ ಬೆಂಬಲಿಗರೇ ಹಣ ಕೂಡಿಸಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಎರಡು ಪುಟಗಳ ಜಾಹೀರಾತು ಕೊಟ್ಟಿದ್ದರು.

ಪ್ರತಿ ಪುಟಕ್ಕೂ ಒಬ್ಬರು ಹೊಣೆಗಾರರಿರಬೇಕು, ಅವರು ಬಿಡುವಿಲ್ಲದಾಗ ನೋಡಿಕೊಳ್ಳಲು ಇನ್ನೊಬ್ಬರಿರಬೇಕು. ಬರಹಗಳನ್ನು ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್ ಭಂಡಾರದಲ್ಲಿಟ್ಟರೆ ತಿದ್ದುಪಡಿಗಳನ್ನು ಎಲ್ಲರೂ ಪರಿಶೀಲಿಸಬಹುದು. ಹೊಸ ಆವೃತ್ತಿ ಬಂದಾಗಲೆಲ್ಲ ಪರದೆಚಿತ್ರಗಳನ್ನು ಬದಲಿಸಿರಿ: ಚಿತ್ರದಲ್ಲಿ ಕಾಣುವ ಮೆನು ತಂತ್ರಾಂಶದಲ್ಲಿ ಸಿಗದಿದ್ದರೆ ಹೊಸಬರು ತಪ್ಪು ತಮ್ಮದೆಂದೇ ಭಾವಿಸಿ ಹಿಂದಿರುಗುತ್ತಾರೆ.