ಎರಡು ಓಂಕಾರಗಳ ನಡುವೆ

ಬೆಳಿಗ್ಗೆ ನಾನು ಕುಳಿತು ಮಾಡುವುದನ್ನು ಮನೆಯವರೆಲ್ಲ ಧ್ಯಾನ ಎನ್ನುತ್ತಾರೆ. ಪತಂಜಲಿಯ ಲೆಕ್ಕದಲ್ಲಿ ಅದರ ಬಹುಪಾಲು ಧಾರಣೆ. ಅವನ ಯೋಗಸೂತ್ರದ ಮೂರನೆಯ ಪಾದ, ಅಂದರೆ ಅಧ್ಯಾಯ, ಆರಂಭವಾಗುವುದೇ ಈ ವಿಂಗಡಣೆಯಿಂದ: ಚಿತ್ತವನ್ನು ಒಂದೆಡೆ ಕಟ್ಟಿ ನಿಲ್ಲಿಸುವುದು ಧಾರಣೆ, ಅಲ್ಲಿ ಒಂದೇ ಅರಿವು ಎಡೆಬಿಡದೆ ಹರಿದರೆ ಧ್ಯಾನ, ತನ್ನ ಗುರುತೂ ಅಳಿದಂತಾಗಿ ವಸ್ತುವೊಂದೇ ಬೆಳಗಿದರೆ ಸಮಾಧಿ. ಮೊದಲನೆಯದಕ್ಕೆ ನಾವು ಪ್ರಯತ್ನಪಡಬಹುದು, ಎರಡನೆಯದು ಕೂಡಿಬರಬೇಕು. ಇದು ಮನದಟ್ಟಾದ ಮೇಲೆ ನನ್ನ ಆತಂಕ ಕಡಿಮೆಯಾಯಿತು. ಚಂಚಲ ಮನಸ್ಸು ಎಲ್ಲೆಲ್ಲಿ ಓಡುತ್ತದೋ ಅಲ್ಲಲ್ಲಿಂದ ಹಿಂದಕ್ಕೆ ತರಬೇಕೆಂದು ಗೀತೆಯ ಆರನೆಯ ಅಧ್ಯಾಯ ಹೇಳುತ್ತದೆ. ಹಾಗೆ ತರುವುದೇ ಸಾಧನೆ, ಓಡಿದ್ದು ಸೋಲಲ್ಲ.

ಕಂಬಳಿಯನ್ನು ದಪ್ಪಗೆ ಮಡಚಿ, ಸೊಂಟ ಮಂಡಿಗಿಂತ ತುಸು ಎತ್ತರವಿರುವಂತೆ ಕುಳಿತುಕೊಳ್ಳುತ್ತೇನೆ. ಪದ್ಮಾಸನವೇ ಆಗಬೇಕೆಂದಿಲ್ಲ, ಸೂತ್ರ ಕೇಳುವುದು ಸ್ಥಿರತೆ ಮತ್ತು ಸುಖ. ಉಸಿರು ಕಟ್ಟದೆ ಸ್ವಲ್ಪ ಹೊತ್ತು ಒಂದೊಂದೇ ಮೂಗಿನ ಹೊಳ್ಳೆಯಿಂದ ಸರದಿಯಂತೆ ಉಸಿರಾಡುವ ನಾಡೀಶೋಧನ, ಆಮೇಲೆ ಪ್ರಣವಜಪ, ಎಂದರೆ ಓಂಕಾರದ ಜಪ. ಮೊದಲು ಕೇಳಿಸುವಂತೆ, ಬಳಿಕ ತುಟಿಯಷ್ಟೇ ಅಲುಗುವ ಉಪಾಂಶು, ಕೊನೆಗೆ ಮನಸ್ಸಿನಲ್ಲೇ ನಡೆಯುವ ಮಾನಸ.

ಮಾನಸ ಜಪಕ್ಕೆ ಇಳಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಓಂಕಾರ ನಡೆಯುತ್ತಿರುವಾಗ ಯೋಚನೆ ಅಷ್ಟಾಗಿ ನುಗ್ಗುವುದಿಲ್ಲ. ಒಂದು ಮುಗಿದು ಇನ್ನೊಂದು ಹುಟ್ಟುವ ಮುನ್ನ ಇರುವ ಸಣ್ಣ ಬಿಡುವಿನಲ್ಲಿ ಕಚೇರಿಯ ಕೆಲಸ, ಮಗನ ಪರೀಕ್ಷೆ, ಕಟ್ಟಬೇಕಾದ ಬಿಲ್ಲು ಒಳಗೆ ಬರುತ್ತವೆ. ಅಂದಿನಿಂದ ನನ್ನ ಗಮನವನ್ನು ಅಲ್ಲಿಗೇ ಒಯ್ದೆ. ಉಸಿರು ಬಿಡುವಾಗ ಓಂಕಾರ. ಅದು ಮಕಾರದಲ್ಲಿ ಕರಗಿದ ಮೇಲೂ ಕಿವಿಯನ್ನು ಅದರ ಕೊನೆಯ ಅನುರಣನದಲ್ಲೇ ಇಟ್ಟು ಉಸಿರನ್ನು ಒಳಗೆ ಎಳೆದುಕೊಳ್ಳುತ್ತೇನೆ. ಬಿಡುವು ಬರಿದಾಗಿ ಉಳಿಯುವುದಿಲ್ಲ. ಉಪಾಸನೆಯನ್ನು ವಿವರಿಸುವಾಗ ಶಂಕರರು ಗೀತಾಭಾಷ್ಯದಲ್ಲಿ ತೈಲಧಾರೆಯ, ಕಡಿಯದೆ ಸುರಿಯುವ ಎಣ್ಣೆಯ ಧಾರೆಯ, ಹೋಲಿಕೆ ಕೊಡುತ್ತಾರೆ. ಆ ಧಾರೆ ಕಡಿಯುವ ಜಾಗ ಯಾವುದೆಂದು ನನಗೆ ತೋರಿಸಿಕೊಟ್ಟದ್ದು ಈ ಬಿಡುವು.

ಬನಶಂಕರಿಯ ನಮ್ಮ ಬೀದಿಯಲ್ಲಿ ಮನೆ ಕಟ್ಟುವ ಕೆಲಸ ನಿಲ್ಲುವುದೇ ಇಲ್ಲ. ಕಲ್ಲು ಕೊಯ್ಯುವ ಯಂತ್ರ ಕಿರುಚಿದರೆ ಕಿವಿ ಮುಚ್ಚಿಕೊಳ್ಳುವುದಿಲ್ಲ. ಸದ್ದು ಸದ್ದಾಗಿಯೇ ಇರಲಿ. 'ಇವರಿಗೆ ಹೇಳುವವರು ಯಾರೂ ಇಲ್ಲವೇ' ಎಂಬ ಮಾತು ಅದಕ್ಕೆ ಅಂಟಿಕೊಂಡ ಕೂಡಲೇ ಜಪಕ್ಕೆ ಮರಳುತ್ತೇನೆ. ಕೆಡಿಸುವುದು ಆ ಮಾತು.

ಕೆಲವೊಮ್ಮೆ ಹುಬ್ಬುಗಳ ನಡುವೆ ಬೆಳಕು ಕಾಣುತ್ತದೆ. ಅದರ ಹಿಂದೆ ಹೋಗುವುದಿಲ್ಲ. ಸಿದ್ಧಿಗಳೇ, ಯೋಗದಿಂದ ಬರುವ ಅಸಾಮಾನ್ಯ ಶಕ್ತಿಗಳೇ, ಸಮಾಧಿಗೆ ಅಡ್ಡಿ ಎಂದ ಶಾಸ್ತ್ರದಲ್ಲಿ ಮಿಂಚಿಗೆಷ್ಟು ಬೆಲೆ? ಪತಂಜಲಿಗೆ ಗುರಿ ಕೈವಲ್ಯ, ದ್ರಷ್ಟಾ, ಅಂದರೆ ಒಳಗಿನಿಂದ ನೋಡುವವನು, ತನ್ನ ಸ್ವರೂಪದಲ್ಲಿ ನಿಲ್ಲುವುದು. ಅದ್ವೈತಿಗೆ ಬ್ರಹ್ಮವೂ ಆತ್ಮವೂ ಒಂದೇ ಎಂಬ ಬ್ರಹ್ಮಾತ್ಮೈಕ್ಯ, ಭಕ್ತನಿಗೆ ಭಗವಂತನ ಸಾನ್ನಿಧ್ಯ. ಒತ್ತಡ ಇಳಿಯುವುದು, ನಿದ್ದೆ ಬರುವುದು ದಾರಿಯಲ್ಲಿ ಸಿಗುವ ಲಾಭಗಳು. ಧ್ಯಾನವನ್ನು ಅಷ್ಟಕ್ಕೇ ಇಳಿಸುವ ಜಾಹೀರಾತುಗಳನ್ನು ಕಂಡರೆ ನನಗೆ ನೋವಾಗುತ್ತದೆ.

ಚಿತ್ತ ತಿಳಿಯಾಗಲು ಯೋಗಸೂತ್ರದ ಮೊದಲ ಪಾದ ಒಂದು ಉಪಾಯ ಹೇಳುತ್ತದೆ: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ ಎಂದರೆ ಸಂತೋಷ, ಪಾಪಿಗಳಲ್ಲಿ ಉಪೇಕ್ಷೆ. ನನಗೆ ಕರುಣೆ ಸುಲಭ, ಮೈತ್ರಿ ಕಷ್ಟ. ಜೊತೆಯವರೊಬ್ಬರಿಗೆ ಬಡ್ತಿ ಸಿಕ್ಕಾಗ ಆ ಸುದ್ದಿ ಬೆಳಗಿನ ಜಪದ ಬಿಡುವಿನಲ್ಲೆಲ್ಲ ತುಂಬಿಕೊಂಡಿತು. ಕುಳಿತಲ್ಲೇ ಅದರೊಡನೆ ಗುದ್ದಾಡಲಿಲ್ಲ. ಅವರ ಮೇಜಿನ ಬಳಿ ಹೋಗಿ ಅಭಿನಂದಿಸಿ, ಮಧ್ಯಾಹ್ನ ಜೊತೆಯಲ್ಲಿ ಊಟ ಮಾಡಿದೆ. ಅವರ ತಾಯಿ ಆಸ್ಪತ್ರೆಯಲ್ಲಿದ್ದಾರೆಂಬುದು ಊಟದ ನಡುವೆ ತಿಳಿಯಿತು. ಮರುದಿನದ ಜಪದಲ್ಲಿ ಬಡ್ತಿಯ ಮಾತು ತಲೆಯೆತ್ತಲಿಲ್ಲ.