ಕ್ಯಾಂಪಸ್ಸಲ್ಲಿ ಪಿಯಾನೋ ಸಾಗ್ಸೋ ಮುಂಚೆ ನಿಮ್ಮ ಸೊಂಟದ ಬಗ್ಗೆ ಎರಡು ಮಾತು

ಆನ್ಯುವಲ್ ಡೇ ಹತ್ರ ಬಂತು ಅಂದ್ರೆ ನಮ್ಮಲ್ಲಿ ಒಂದು ಡೈಲಾಗ್ ಗ್ಯಾರಂಟಿ, "ಏ ನಾಲ್ಕ್ ಹುಡುಗ್ರನ್ನ ಕರ್ಕೊಂಡ್ ಬಾರೋ, ಆ ಪಿಯಾನೋ ಸ್ಟೇಜಿಗೆ ಇಟ್ಬಿಡೋಣ". ನಾನು ಶಿವಮೊಗ್ಗ ಕಡೆ ಒಂದು ಕ್ಯಾಂಪಸ್ಸಲ್ಲಿ ಸ್ಟೇಜು, ಮೈಕು, ಕುರ್ಚಿ ಅಂತ ಓಡಾಡೋನು, ಆ ನಾಲ್ಕ್ ಹುಡುಗ್ರಲ್ಲಿ ಒಬ್ಬನಾಗಿದ್ದೆ, ಆಮೇಲೆ ಹದಿನೈದು ದಿನ ಚಪ್ಪಲಿ ಹಾಕ್ಕೊಳ್ಳಕ್ಕೂ ಗೋಡೆ ಹಿಡ್ಕೊತಿದ್ದೆ. ಆ ಕಥೆ ಕೊನೇಲಿ ಹೇಳ್ತೀನಿ.

ಮೊದ್ಲು ತೂಕ ಗೊತ್ತಿರ್ಲಿ. ಇದು ಕೀಬೋರ್ಡ್ ಅಲ್ಲ ಮಾರಾಯ್ರೇ, ಹಾರ್ಮೋನಿಯಂ ಥರ ಕಂಕುಳಲ್ಲಿ ಇಟ್ಕೊಂಡು ಹೋಗೋದಲ್ಲ. ಗೋಡೆಗೆ ಒರಗಿಸಿ ನಿಲ್ಸೋ ಅಪ್‌ರೈಟ್ ಪಿಯಾನೋದಲ್ಲಿ ಯಮಹಾ ಯು1 ಅಂತ ಒಂದು ಬರುತ್ತಲ್ಲ, ಅದೇ 228 ಕೆಜಿ, ಅಂದ್ರೆ ನಾಲ್ಕೂವರೆ ಸಿಮೆಂಟ್ ಮೂಟೆ. ಸಂಗೀತ ಕಛೇರಿಗೆ ಇಡೋ, ಅಡ್ಡಡ್ಡ ಮಲಗಿರೋ ದೊಡ್ಡ ಗ್ರ್ಯಾಂಡ್ ಪಿಯಾನೋ, ಸ್ಟೈನ್‌ವೇ ಡಿ ಥರದ್ದು, 480 ಕೆಜಿ. ಮರದ ಪೆಟ್ಟಿಗೆಗೆ ಇಷ್ಟ್ಯಾಕೆ ತೂಕ ಅಂದ್ರೆ ಒಳಗೆ ಬಿಗಿದಿರೋ ಇನ್ನೂರಕ್ಕೂ ಜಾಸ್ತಿ ತಂತಿ ಎಲ್ಲ ಸೇರಿ 15ರಿಂದ 20 ಟನ್ ಎಳೀತಿರುತ್ತೆ, ಅದನ್ನ ತಡ್ಕೊಳ್ಳಕ್ಕೆ ಎರಕದ ಕಬ್ಬಿಣದ ಒಂದು ದೊಡ್ಡ ಚೌಕಟ್ಟು ಇದೆ. ಅಪ್‌ರೈಟಲ್ಲಿ ಆ ಕಬ್ಬಿಣ ಹಿಂದ್ಗಡೆ ಇರುತ್ತೆ, ಮೇಲ್ಗಡೆವರೆಗೂ ಇರುತ್ತೆ, ಅದಕ್ಕೇ ಹಿಂದಕ್ಕೆ ಸ್ವಲ್ಪ ವಾಲಿದ್ರೂ ನಿಲ್ಸಕ್ಕಾಗಲ್ಲ. ವಾಲಿ ಬೀಳಕ್ಕೆ ಶುರುವಾಯ್ತು ಅಂದ್ರೆ ಹಿಡಿಯಕ್ಕೆ ಹೋಗ್ಬೇಡಿ, ಜೋರಾಗಿ ಕೂಗಿ ಪಕ್ಕಕ್ಕೆ ಹಾರಿ. ಪಿಯಾನೋ ರಿಪೇರಿ ಆಗುತ್ತೆ.

ಇನ್ನು ಬೆನ್ನು. ಹಾರೆ ಹಾಕಿ ಕಲ್ಲು ಮೀಟಿದ್ದೀರಲ್ಲ, ಉದ್ದದ ತುದಿ ನಿಮ್ಮ ಕೈಲಿದ್ರೆ ಎಷ್ಟು ಸಲೀಸು! ನಮ್ಮ ಬೆನ್ನಲ್ಲಿ ಇದು ಪೂರ್ತಿ ಉಲ್ಟಾ. ಬಗ್ಗಿ ಕೈ ಚಾಚಿ 10 ಕೆಜಿ ಎತ್ತಿದ್ರೆ ಆ ಭಾರ ಬೆನ್ನುಮೂಳೆಯಿಂದ ಅರ್ಧ ಮೀಟರ್ ದೂರ ಇರುತ್ತೆ, ಅದನ್ನ ಎಳ್ದು ಹಿಡಿಯೋ ಬೆನ್ನಿನ ಸ್ನಾಯು ಇರೋದು ಡಿಸ್ಕಿಂದ, ಅಂದ್ರೆ ಬೆನ್ನಿನ ಮೂಳೆಗಳ ಮಧ್ಯೆ ಇರೋ ಮೆತ್ತೆಯಿಂದ, ಬರೀ ಐದು ಸೆಂಟಿಮೀಟರ್ ಹಿಂದೆ, ಲೆಕ್ಕ ಹಾಕಿ, ಹತ್ತು ಪಟ್ಟು, ಸ್ನಾಯು 100 ಕೆಜಿಯಷ್ಟು ಎಳೀಬೇಕು, ಅಷ್ಟೂ ಡಿಸ್ಕ್ ಮೇಲೆ ಒತ್ತುತ್ತೆ. ಅಮೆರಿಕದ ನಯೋಶ್ ಅನ್ನೋ ಸರ್ಕಾರಿ ಸಂಸ್ಥೆ ಎಲ್ಲಾ ಅನುಕೂಲ ಇದ್ದಾಗ್ಲೂ, ಭಾರ ಮೈಗೆ ತಾಗ್ಕೊಂಡು ನೇರ ಎದುರಿಗೇ ಇದ್ದಾಗ್ಲೂ, ಒಬ್ಬ ಎತ್ತೋದಕ್ಕೆ 23 ಕೆಜಿ ಮಿತಿ ಅಂತ ಇಟ್ಟಿದೆ. ಹಂಗಾದ್ರೆ ಯು1ಗೆ ಹತ್ತು ಜನ ಬೇಕು, ಹತ್ತು ಜನಕ್ಕೆ ಹಿಡಿಯಕ್ಕೆ ಜಾಗಾನೇ ಇಲ್ಲ. ಅಂದ್ರೆ ಎತ್ತೋ ಐಡಿಯಾನೇ ಬಿಟ್ಬಿಡಿ, ಉರುಳ್ಸಿ.

ಸೊಂಟಕ್ಕೆ ಟವೆಲ್ ಬಿಗಿದ್ರೆ, ಜಿಮ್ ಬೆಲ್ಟ್ ಹಾಕಿದ್ರೆ ಏನೂ ಆಗಲ್ಲ ಅಂತ ಒಬ್ಬ ಹೇಳೇ ಹೇಳ್ತಾನೆ. ಆರೋಗ್ಯವಾಗಿರೋರಿಗೆ ಬೆಲ್ಟಿಂದ ಸೊಂಟ ಉಳಿಯುತ್ತೆ ಅನ್ನಕ್ಕೆ ಸಾಕಷ್ಟು ಆಧಾರ ಇಲ್ಲ ಅಂತ ಅದೇ ನಯೋಶ್ 1994ರಲ್ಲೇ ಹೇಳಿದೆ, ಬೆಲ್ಟಿಂದ ಬರೋದು ಧೈರ್ಯ ಮಾತ್ರ, ಅದು ಇಲ್ಲಿ ಒಳ್ಳೇದಲ್ಲ. ಹಾಸಿಗೆಯಿಂದ ಎದ್ದ ತಕ್ಷಣ ಓಡಿ ಬಂದು ಬಗ್ಗೋದೂ ಬೇಡ, ರಾತ್ರಿ ಮಲಗಿದ್ದಾಗ ಡಿಸ್ಕು ನೀರು ಹೀರ್ಕೊಂಡು ಊದಿರುತ್ತೆ, ಆಗ ಬಗ್ಗಿದ್ರೆ ಅದರ ಮೇಲೆ ಒತ್ತಡ ಜಾಸ್ತಿ. ಒಂದು ಗಂಟೆ ಓಡಾಡಿ, ಕಾಫಿ ಕುಡಿದು, ಆಮೇಲೆ ಕೈ ಹಾಕಿ.

ಸರಿ, ಕೆಲಸ. ಬೇಕಾಗೋದು: ಭಾರ ತಡೆಯೋ, ದಪ್ಪ ರಬ್ಬರ್ ಗಾಲಿ ಇರೋ ನಾಲ್ಕು ಗಾಲಿ ಟ್ರಾಲಿ, ಲಾರಿಯವರು ಬಿಗಿಯೋ ರ‍್ಯಾಚೆಟ್ ಬೆಲ್ಟ್ ಎರಡು, ಹಳೇ ಕಂಬಳಿ ಮೂರ್ನಾಲ್ಕು, ಗಟ್ಟಿ ಹಲಗೆ, ಉದ್ದ ಹಗ್ಗ, ನಾಲ್ಕೈದು ಜನ. ಪಿಯಾನೋಗೇ ಪುಟ್ಟ ಹಿತ್ತಾಳೆ ಗಾಲಿ ಇದ್ಯಲ್ಲ ಅಂತೀರಾ? ಅದು ಗುಡ್ಸಕ್ಕೆ ಅಂತ ಅರ್ಧ ಅಡಿ ಜರುಗ್ಸಕ್ಕೆ ಇರೋದು, ಕಾರಿಡಾರ್ ಪೂರ್ತಿ ಎಳೆದ್ರೆ ಟೈಲ್ಸ್ ಸಂದಿಗೆ ಸಿಕ್ಕಿ ಪಿಯಾನೋ ಕಾಲೇ ಮುರಿಯುತ್ತೆ. ಅಡಿಕೆ ಹಾಳೆ ಮೇಲೆ ಕೂರಿಸಿ ಎಳೆಯೋಣ ಅಂತ ನಮ್ಮ ಅಟೆಂಡರ್ ಅಣ್ಣ ಒಬ್ರು ಸೀರಿಯಸ್ಸಾಗೇ ಹೇಳಿದ್ರು, ಚಿಕ್ಕ ಮಕ್ಕಳಿಗೆ ಓಕೆ.

ಹೊರಡೋ ಮುಂಚೆ ದಾರಿ ಪೂರ್ತಿ ಒಮ್ಮೆ ಬರಿಗೈಲಿ ನಡೀರಿ, ಟೇಪ್ ಹಿಡ್ದು ಬಾಗಿಲು ಅಳೀರಿ, ಹೊಸ್ತಿಲು ಎಲ್ಲಿದೆ, ತಿರುವು ಎಲ್ಲಿದೆ ನೋಡಿ. ಕಮಾಂಡ್ ಕೊಡೋನು ಒಬ್ನೇ ಇರ್ಲಿ. ಸಕ್ರೆಬೈಲ್ ಆನೆ ಬಿಡಾರದಲ್ಲಿ ನೋಡಿದೀರಲ್ಲ, ಅಷ್ಟು ದೊಡ್ಡ ಆನೆ ಕೇಳೋದು ಮಾವುತನ ಮಾತು, ಸುತ್ತ ನಿಂತು ಕೂಗೋ ಟೂರಿಸ್ಟ್‌ಗಳದ್ದಲ್ಲ. "ಐಸಾ" ಅಂದಾಗ ಎಲ್ರೂ, "ನಿಲ್ಸಿ" ಅಂತ ಯಾರೇ ಕೂಗಿದ್ರೂ ಎಲ್ರೂ ನಿಲ್ಬೇಕು.

ಕೀ ಮೇಲಿನ ಮುಚ್ಚಳ ಹಾಕಿ, ಕಂಬಳಿ ಸುತ್ತಿ, ಕಂಬಳಿ ಮೇಲೆ ಬೆಲ್ಟ್ ಬಿಗೀರಿ, ಟೇಪನ್ನ ಪಾಲಿಶ್ ಮೇಲೆ ಅಂಟಿಸ್ಬೇಡಿ. ಈ ತುದಿಲಿ ಇಬ್ರು, ಆ ತುದಿಲಿ ಒಬ್ರು ನಿಂತು, ಇಬ್ರು ಇರೋ ತುದೀನ ಮಾತ್ರ ಸ್ವಲ್ಪ ಮೇಲಕ್ಕೆತ್ತಿ, ಇನ್ನೊಬ್ಬ ಟ್ರಾಲೀನ ಕಾಲಿಂದ ನಡುಮಧ್ಯಕ್ಕೆ ತಳ್ಲಿ, ಕೈ ಹಾಕೋದು ಬೇಡ, ಬೆರಳು ಹೋಗುತ್ತೆ. ಎತ್ತುವಾಗ ಮಂಡಿ ಬಗ್ಲಿ, ಎದೆ ಪಿಯಾನೋಗೆ ತಾಗ್ಲಿ, ತಿರುಗ್ಬೇಕು ಅಂದ್ರೆ ಪಾದ ತಿರುಗ್ಸಿ, ಸೊಂಟ ತಿರುಚ್ಬೇಡಿ. ಬಗ್ಗೋದು, ತಿರುಚೋದು, ಎತ್ತೋದು ಮೂರೂ ಒಟ್ಟಿಗೆ ಆದಾಗ್ಲೇ ಡಿಸ್ಕ್ ಜಾರೋದು ಜಾಸ್ತಿ. ಆಮೇಲೆ ತಳ್ಕೊಂಡು ಹೋಗಿ, ಎಳ್ಕೊಂಡಲ್ಲ, ನಿಧಾನ.

ಮೆಟ್ಟಿಲು ಬಂದಾಗ ಕಷ್ಟ. ವೀಲ್‌ಚೇರ್ ರ‍್ಯಾಂಪ್ ಇದ್ರೆ ಸುತ್ತು ಆದ್ರೂ ಅದೇ ದಾರಿ ಹಿಡೀರಿ. ರ‍್ಯಾಂಪಿನ ಇಳಿಜಾರು 12ಕ್ಕೆ 1 ಇದ್ರೆ 228 ಕೆಜಿ ಪಿಯಾನೋ ಕೆಳಗೆ ಎಳೆಯೋದು 19 ಕೆಜಿಯಷ್ಟೇ, ಗಾಲಿ ತಿಕ್ಕಾಟ ಸೇರಿ ಇನ್ನೊಂದಿಷ್ಟು. ಅದೇ ಅರ್ಧ ಉದ್ದದ ಹಲಗೆ ಹಾಕಿ 6ಕ್ಕೆ 1 ಮಾಡಿದ್ರೆ ಡಬಲ್, 38 ಕೆಜಿ. ಅರ್ಧ ಅಡಿಯ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ ಹಲಗೆ ಬೇಕು ಅಂದ್ರೆ ಎಲ್ರೂ ನಗ್ತಾರೆ, ನಗ್ಲಿ. ಮೇಲ್ಗಡೆ ನಿಂತು ಇಬ್ರು ಹಗ್ಗ ಎಳೀಲಿ, ಎಳೆದಷ್ಟೂ ಹಗ್ಗಾನ ಇನ್ನೊಬ್ಬ ಹಿಂದಿನ ಗಟ್ಟಿ ಕಂಬಕ್ಕೆ ಒಂದು ಸುತ್ತು ಹಾಕಿ ಬಿಗೀತಾ ಹೋಗ್ಲಿ, ಇಳಿಸೋವಾಗ ಆ ಸುತ್ತಿಂದ್ಲೇ ಸ್ವಲ್ಪ ಸ್ವಲ್ಪ ಬಿಡ್ಲಿ, ಎರಡು ಪಕ್ಕದಲ್ಲಿ ಒಬ್ಬೊಬ್ರು ಬರೀ ವಾಲದ ಹಾಗೆ ನೋಡ್ಕೊಳ್ಲಿ. ನೇರ ಕೆಳಗಡೆ ಯಾರೂ ನಿಲ್ಲೋ ಹಾಗಿಲ್ಲ. ಪೂರ್ತಿ ಮಹಡಿ ಹತ್ತಿಸ್ಬೇಕು ಅಂದ್ರೆ ಈ ಲೇಖನ ಮುಚ್ಚಿ, ಪಿಯಾನೋ ಸಾಗ್ಸೋದೇ ಕಸುಬಾಗಿರೋರನ್ನ ಕರೆಸಿ ಅಂತ ಆಫೀಸಿಗೆ ಲೆಟರ್ ಬರೀರಿ. ಗ್ರ್ಯಾಂಡ್ ಪಿಯಾನೋಗೂ ಅಷ್ಟೇ, ಪೆಡಲ್ ಬಿಚ್ಚಿ, ಎಡಗಡೆ ಮುಂದಿನ ಕಾಲು ಬಿಚ್ಚಿ, ನೇರ ಇರೋ ಉದ್ದನೆ ಪಕ್ಕದ ಮೇಲೆ ಹಲಗೆಗೆ ಇಳಿಸಿ ನಿಲ್ಸಿ, ಆಮೇಲೆ ಉಳಿದೆರಡು ಕಾಲು ಬಿಚ್ಚೋ ಕೆಲಸ ಅದು, ನೋಡಿ ಕಲೀಬೇಕು, ಓದಿ ಅಲ್ಲ.

ನಮ್ಮ ಮಲೆನಾಡಿಗೆ ಅಂತ ಒಂದು ಮಾತು, ಜೂನ್‌ನಿಂದ ಸೆಪ್ಟೆಂಬರ್ ತನಕ ಇದರ ತಂಟೆಗೇ ಹೋಗ್ಬೇಡಿ. ಜಂಬಿಟ್ಟಿಗೆ ಮೆಟ್ಟಿಲ ಮೇಲೆ ಪಾಚಿ ಕಟ್ಟಿರುತ್ತೆ, ಬರಿಗೈಲಿ ನಡೆಯೋನೇ ಜಾರ್ತಾನೆ. ಪಿಯಾನೋಗೂ ಆ ಥಂಡಿ ಆಗಲ್ಲ, ಮರ ಉಬ್ಬಿ ಕೀ ಹಿಡ್ಕೊಳ್ಳುತ್ತೆ, ತಂತಿ ತುಕ್ಕು. ಹೊಸ ರೂಮಿಗೆ ಹೋದ್ಮೇಲೆ ಎರಡು ಮೂರು ವಾರ ಬಿಟ್ಟು ಟ್ಯೂನರ್ ಕರೆಸಿ, ಮರ ಅಲ್ಲಿನ ಹವೆಗೆ ಹೊಂದ್ಕೊಳ್ಲಿ, ಇಲ್ಲಾಂದ್ರೆ ಕೊಟ್ಟ ದುಡ್ಡು ದಂಡ.

ಸೊಂಟ ಹಿಡ್ಕೊಂಡ್ರೆ ವಾರಗಟ್ಲೆ ಮಲಗ್ಬೇಡಿ, ಒಂದೆರಡು ದಿನ ಆದ್ಮೇಲೆ ಮೆಲ್ಲಗೆ ಓಡಾಡಿದ್ರೇ ಬೇಗ ವಾಸಿ. ಆದ್ರೆ ಕಾಲು ಬಲ ಕಳ್ಕೊಂಡ್ರೆ, ತೊಡೆ ಸಂದಿ ಮರಗಟ್ಟಿದ್ರೆ, ಮೂತ್ರ ಹತೋಟಿ ತಪ್ಪಿದ್ರೆ ಎಣ್ಣೆ ತಿಕ್ಕೋರ ಹತ್ರ ಹೋಗ್ಬೇಡಿ, ಆವತ್ತೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ರದ ದೊಡ್ಡಾಸ್ಪತ್ರೆಗೋ ಹೋಗಿ.

ನನ್ನ ಕಥೆ ಅಂದ್ನಲ್ಲ. ಪಿಯಾನೋ ಆರಾಮಾಗಿ ಸ್ಟೇಜ್ ಸೇರಿತ್ತು, ಎಲ್ರೂ ಚಹಾಕ್ಕೆ ಹೋಗಿದ್ರು. ನುಡಿಸೋರು ಕೂರೋ ಬೆಂಚು ಮಾತ್ರ ಕೆಳಗಿತ್ತು. ಒಂದು ಬೆಂಚು ತಾನೇ ಅಂತ ಒಂದೇ ಕೈಲಿ, ಬಗ್ಗಿ, ತಿರುಗ್ತಾ ಎತ್ತಿದೆ. ಸೀಟಿನ ಕೆಳಗಿನ ಡಬ್ಬದಲ್ಲಿ ಅಷ್ಟು ವರ್ಷದ ನೊಟೇಶನ್ ಪುಸ್ತಕ ಎಲ್ಲಾ ತುಂಬಿತ್ತು ಅಂತ ನಂಗೇನ್ ಗೊತ್ತು. ಈಗ ನಾನು ಮೊದ್ಲು ಮಾಡೋದೇ ಬೆಂಚಿನ ಮುಚ್ಚಳ ತೆಗ್ದು ನೋಡೋದು.